ಮಾವನ ಎರಡು ಮೊಳ ಹೂವು

ನಮ್ಮ ಸೋದರಮಾವನಷ್ಟು ಸತ್ಯವಂತ ಸಿಂಗಟಗೆರೆಯಲ್ಲಿ ಇನ್ನೊಬ್ಬನಿರಲಿಲ್ಲ, ಊರಿನ ಹೂವಿನ ಹಬ್ಬದ ವಯಸ್ಸೊಂದನ್ನು ಬಿಟ್ಟು! ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೆ ಅವನು ಬರೆದ ಮೊದಲ ಅರ್ಜಿಯಲ್ಲಿ ಹಬ್ಬಕ್ಕೆ ನೂರು ವರ್ಷ. ಉತ್ತರ ಬರಲಿಲ್ಲ. ಎರಡನೆಯದರಲ್ಲಿ ಮುನ್ನೂರು. ಮೂರನೆಯದರ ಹೊತ್ತಿಗೆ, ಹಬ್ಬ ನಡೆಯುವ ಕೆರೆ ಏರಿಗಿಂತ ಹಬ್ಬಕ್ಕೇ ಹೆಚ್ಚು ವಯಸ್ಸಾಗಿತ್ತು. ಏರಿಯೇ ಇಲ್ಲದಾಗ ಜನ ಎಲ್ಲಿ ನಿಲ್ಲುತ್ತಿದ್ದರು, ನೀರಿನಲ್ಲೇ ಎಂದು ಮಾವನನ್ನು ಕೇಳಿದೆ.

"ನಿಲ್ತಿದ್ರು ಕಣೋ. ಆಗಿನೋರಿಗೆ ಕಾಲು ಗಟ್ಟಿ."

ಹಬ್ಬವೆಂದರೆ ಇಷ್ಟೇ. ಸೇವಂತಿಗೆ ಅರಳಿದ ಮೇಲೆ ಒಂದು ದಿನ ಪ್ರತಿ ಮನೆಯವರೂ ತಲೆಗೊಂದು ಮೊಳ ಹೂ ಕಟ್ಟಿ ತರಬೇಕು. ಎಲ್ಲವನ್ನೂ ತುದಿಗೆ ತುದಿ ಗಂಟು ಹಾಕಿ ಏರಿಯ ಉದ್ದಕ್ಕೂ, ತೂಬಿನವರೆಗೆ ಎಳೆಯಬೇಕು. ತಲೆಯೆಂದರೆ ಇದ್ದವರದೂ ಸೈ, ಸತ್ತವರದೂ ಸೈ. ಒಂಟಿಯಾಗಿದ್ದ ಮಾವ ಎರಡು ಮೊಳ ತರುತ್ತಿದ್ದ. ಒಂದು ಅತ್ತೆಯದು. ಪ್ಲೇಗಿನಲ್ಲಿ ಹೋದವಳು, ಮಕ್ಕಳಿರಲಿಲ್ಲ. ಬದುಕಿದ್ದಾಗ ಅವಳಿಗೆ ಒಂದು ಗೇಣು ಹೂವನ್ನೂ ತಂದುಕೊಟ್ಟವನಲ್ಲ ಎಂದು ನಮ್ಮ ಅಮ್ಮನ ಕುಹಕ.

ಇದೆಲ್ಲ ಸರ್ಕಾರದ ಪುಸ್ತಕದಲ್ಲಿ ಅಚ್ಚಾಗಬೇಕೆಂಬುದು ಮಾವನ ಹಟ. ಆ ಸಭೆಯಲ್ಲಿ ಕೂರುವ ಕಡೂರಿನ ಮೆಂಬರರ ಬೆನ್ನು ಹತ್ತಿದ. ಅವರು ತರೀಕೆರೆಗೆ ಹೋದರೆ ಇವನೂ ತರೀಕೆರೆಗೆ. ಕೊನೆಗೆ ಅಜ್ಜಂಪುರದ ಮದುವೆಯೊಂದರಲ್ಲಿ ಅವರ ಪಕ್ಕದ ಎಲೆ ಹಿಡಿದು, ಪಾಯಸ ಬಡಿಸುವ ಹೊತ್ತಿಗೆ ಎಡಗೈಯಲ್ಲಿ ಅರ್ಜಿ ತೆಗೆದ. ಎಲೆ ಬಿಟ್ಟು ಏಳುವಂತಿಲ್ಲ, ಪಾಪ, ಒಪ್ಪಿದರು! ಅರ್ಜಿಯಲ್ಲಿ 'ಸತ್ತವರಿಗೂ ಮೊಳ' ಎಂಬ ಮಾತಿನ ಅಡಿಗೆ ಮಾತ್ರ ಮಾವ ಎರಡು ಗೆರೆ ಎಳೆದಿದ್ದ. ಆ ದಿನ ಮಾವನ ತಲೆಯ ಮೇಲೆ ಜರಿ ರುಮಾಲಿತ್ತೆಂದು ನನ್ನ ನೆನಪು. ಅವನಿಗೆ ರುಮಾಲೇ ಇರಲಿಲ್ಲ ಎನ್ನುತ್ತಾಳೆ ಅಮ್ಮ. ನನ್ನ ನೆನಪೂ ಮಾವನ ಅರ್ಜಿಯ ಜಾತಿಯದೇ, ಬರೆದಷ್ಟೂ ಬೆಳೆಯುತ್ತದೆ.

ದಸರೆಯ ಸಭೆಯಲ್ಲಿ ಮೆಂಬರರು ಓದಿದರು, ಸಭೆ ಒಪ್ಪಿತು. ತಿಂಗಳೊಪ್ಪತ್ತಿನಲ್ಲಿ ಅಚ್ಚಾದ ಹಾಳೆ ಬಂತು. ಚಾವಡಿಯಲ್ಲಿ ಶಾನುಭೋಗರು ಗಂಟಲು ಸರಿಮಾಡಿಕೊಂಡು ಓದಿದರು: ಹಬ್ಬ ಮಾನ್ಯವಾಗಿದೆ, ಮನೆಯಲ್ಲಿ ಹಾಲಿ ಜೀವಂತ ಇರುವ ತಲೆಯೊಂದಕ್ಕೆ ಒಂದು ಮೊಳ. ಯಾವ ಗುಮಾಸ್ತನ ಜಾಣತನವೋ! ಸತ್ತವರಿಗೆ ಹೂವೆಂಬುದು ಕೈತಪ್ಪಿ ಬರೆದದ್ದೆಂದು ತಿದ್ದಿಬಿಟ್ಟಿದ್ದ. ಊರಿಗೆ ಹಿಗ್ಗೋ ಹಿಗ್ಗು. ಸರ್ಕಾರವೇ ಹೇಳಿದ ಮೇಲೆ ಕಟ್ಟುವ ಕೆಲಸ ಅರ್ಧ ಕಡಿಮೆಯಾಯಿತಲ್ಲ!

ಗೆದ್ದವನ ಮುಖ ಯಾಕೆ ಸಪ್ಪಗಿದೆ ಎಂದು ನಾನು ಮಾವನನ್ನು ಕೆಣಕಿದೆ.

"ನಾನಿರೋವರ್ಗೂ ನಾನ್ ಕಟ್ತೀನಿ. ಆಮೇಲೆ ಅವಳ ಮೊಳ ಯಾರ್ ಕಟ್ತಾರೆ? ಸರ್ಕಾರದ ಪುಸ್ತಕದಲ್ಲಿದ್ರೆ ಯಾರಾದ್ರೂ ಕಟ್ಲೇಬೇಕಲ್ಲ ಅಂದ್ಕೊಂಡಿದ್ದೆ ಕಣೋ."

ಆ ವರ್ಷ ಊರೆಲ್ಲ ಕಾನೂನಿನಂತೆ ಕಟ್ಟಿತು. ಮಾಲೆ ಏರಿಯ ನಡುವಿಗೇ ಮುಗಿಯಿತು. ಮಾವ ಎರಡು ಮೊಳ ತಂದಿದ್ದ.

ಈಗ ಅವನೂ ಇಲ್ಲ. ಸರ್ಕಾರದ ಪ್ರಕಾರ ನಮ್ಮ ಮನೆಯಲ್ಲಿ ಐದು ತಲೆ. ನನಗೆ ಹೂ ಕಟ್ಟಲು ಬಾರದು. ಬಾಳೆನಾರು ಹರಿಯುತ್ತದೆ, ಗಂಟು ಜಾರುತ್ತದೆ, ಮನೆಯವರು ನಗುತ್ತಾರೆ. ಏಳು ಮೊಳ ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಗಿರುತ್ತದೆ.