ಬೇವಿನ ಟೊಂಗೆ ಕಟ್ಟಿದ ವ್ಯಾನು

ಮನುಷ್ಯ ಕಣ್ಣು ಮುಚ್ಚಿದರೆ ಸಾಕು, ನೋಡುವವರಿಗೆ ಅನುಮಾನ ಶುರುವಾಗುತ್ತದೆ. ಗುಡಿಯಲ್ಲಿ ಮುಚ್ಚಿದರೆ ಭಕ್ತ ಎನ್ನುತ್ತಾರೆ, ಅದು ಬೇರೆ ಮಾತು. ಆದರೆ ಸಂಬಳ ತೆಗೆದುಕೊಳ್ಳುವವನು ಮಟಮಟ ಮಧ್ಯಾಹ್ನ ಬೇವಿನ ಮರದ ಕೆಳಗೆ ಕಣ್ಣು ಮುಚ್ಚಿದನೆಂದರೆ ಅವನು ಏನೋ ಕದಿಯುತ್ತಿದ್ದಾನೆ ಎಂದೇ ಲೆಕ್ಕ. ಎಚ್ಚರವಿದ್ದು ಕದಿಯುವವರ ಮೇಲೆ ಜನಕ್ಕೆ ಇಷ್ಟು ಸಂಶಯವಿಲ್ಲ. ನಾನು ಇದನ್ನು ಓದಿ ತಿಳಿದವನಲ್ಲ, ಬಳ್ಳಾರಿಯಲ್ಲಿ ವ್ಯಾನು ಓಡಿಸಿ ತಿಳಿದವನು.

ಎಪ್ಪತ್ತರ ದಶಕದ ಮಾತು. ಬಳ್ಳಾರಿಯ ಸಗಟು ವ್ಯಾಪಾರಿ ಶರಣಪ್ಪ ಸಾಹುಕಾರರ ಬಳಿ ನಾನು ಡ್ರೈವರಾಗಿದ್ದೆ. ಚಹಾಪುಡಿ, ಸೋಪು, ಬಿಸ್ಕತ್ತು, ಬೆಂಕಿಪೆಟ್ಟಿಗೆ ತುಂಬಿಕೊಂಡು ಬೆಳಿಗ್ಗೆ ಹೊರಟರೆ ಕುರುಗೋಡು, ಸಿರಿಗೇರಿ, ಸಿರುಗುಪ್ಪ ಎಂದು ಅಂಗಡಿ ಅಂಗಡಿಗೆ ಹಂಚಿ ಸಂಜೆಗೆ ತಿರುಗಿ ಬರಬೇಕು. ಜೊತೆಗೆ ಹಮಾಲಿ ಈರಣ್ಣ. ನನಗಿಂತ ವಯಸ್ಸಿನಲ್ಲಿ ದೊಡ್ಡವನು, ಮಾತು ಕಡಿಮೆ, ಊಟ ಜಾಸ್ತಿ. ವ್ಯಾನು ಪೆಟ್ರೋಲಿನದು, ಮುದಿಯಾಗಿತ್ತು, ಆದರೆ ಅದರ ಸೀಟಿನ ಮೇಲೆ ಕೂತರೆ ನಾನು ಕುರುಗೋಡಿನ ಅರ್ಧ ಜನಕ್ಕೆ 'ಡ್ರೈವರ್ ಸಾಹೇಬ'. ನನ್ನ ಹೆಂಡತಿ ಹಂಪಮ್ಮ ಕೂಡ ಓಣಿಯಲ್ಲಿ ನನ್ನನ್ನು ಹೆಸರಿನಿಂದಲ್ಲ, 'ನಮ್ಮ ಡ್ರೈವರ' ಎಂದೇ ಹೇಳುತ್ತಿದ್ದಳು. ಆ ಒಂದು ಮಾತಿಗಾಗಿ ನಾನು ಎಷ್ಟು ಬಿಸಿಲು ಬೇಕಾದರೂ ತಿನ್ನಲು ತಯಾರಿದ್ದೆ.

ಸಾಹುಕಾರರ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟು. ಸಾಮಾನು ಇಳಿಸುವಾಗ ಮತ್ತು ರೊಟ್ಟಿ ತಿನ್ನುವಾಗ ಬಿಟ್ಟು ವ್ಯಾನು ಎಲ್ಲೂ ನಿಲ್ಲಬಾರದು. ಇದನ್ನು ಅವರು ಗಾದಿಯ ಮೇಲೆ ಲೋಡು ದಿಂಬಿಗೆ ಒರಗಿ ಹೇಳುತ್ತಿದ್ದರು, ಹೇಳಿ ಊಟ ಮುಗಿಸಿ ಅದೇ ಲೋಡಿಗೆ ತಲೆಕೊಟ್ಟು ಸಂಜೆಯವರೆಗೆ ಗೊರಕೆ ಹೊಡೆಯುತ್ತಿದ್ದರು. ಇತ್ತ ನನಗೆ ಕುರುಗೋಡು ದಾಟಿ ರೊಟ್ಟಿ ತಿಂದರೆ ಕಾಲುವೆಯ ನೀರಿನ ಮೇಲಿಂದ ಬರುವ ಗಾಳಿಗೆ ರೆಪ್ಪೆ ತಾನಾಗಿ ಇಳಿಯುತ್ತಿತ್ತು. ಎದುರಿಗೆ ಬರುವ ಎತ್ತಿನ ಗಾಡಿ ಒಂದು ಎರಡಾಗಿ ಕಾಣತೊಡಗಿದ ಮೇಲೆ, ನನ್ನ ಮತ್ತು ಎತ್ತುಗಳ ಜೀವದ ಹಿತದೃಷ್ಟಿಯಿಂದ, ಕಾಲುವೆ ದಂಡೆಯ ಬೇವಿನ ಮರದ ಕೆಳಗೆ ವ್ಯಾನು ನಿಲ್ಲಿಸಿ ಸ್ವಲ್ಪ ಹೊತ್ತು ಅಡ್ಡಾಗತೊಡಗಿದೆ. ಈರಣ್ಣ ಒಳಗೆ ಚಹಾಪುಡಿ ಡಬ್ಬಗಳ ನಡುವೆ, ನಾನು ಮರದ ಬುಡದಲ್ಲಿ.

ತೊಂದರೆ ಎಂದರೆ, ವ್ಯಾನಿನ ಎರಡೂ ಮಗ್ಗುಲಲ್ಲಿ ಸಾಹುಕಾರರ ಹೆಸರನ್ನು ಎಮ್ಮೆಯಷ್ಟು ದೊಡ್ಡ ಅಕ್ಷರದಲ್ಲಿ ಬರೆಸಿದ್ದರು. ಹೋಗುವ ಬರುವ ಬಸ್ಸಿನವರೆಲ್ಲ ಕತ್ತು ಹೊರಳಿಸಿ ನೋಡುತ್ತಿದ್ದರು. ಯಾರಾದರೂ ಚಾಡಿ ಹೇಳಿದರೆ? ಆಗ ನನಗೆ ಒಂದು ಉಪಾಯ ಹೊಳೆಯಿತು. ನಮ್ಮ ಕಡೆ ರಸ್ತೆಯಲ್ಲಿ ಗಾಡಿ ಕೆಟ್ಟರೆ ಹಸಿರು ಟೊಂಗೆ ಮುರಿದು ಹಿಂದೆ ಕಟ್ಟುವ ರೂಢಿ. ಟೊಂಗೆ ಕಂಡಿತೆಂದರೆ ಗಾಡಿ ಕೆಟ್ಟಿದೆ ಎಂದರ್ಥ, ಯಾರೂ ಕೇಳುವಂತಿಲ್ಲ. ನಾನು ದಿನಾ ಒಂದು ಬೇವಿನ ಟೊಂಗೆ ಮುರಿದು ವ್ಯಾನಿನ ಹಿಂದೆ ಕಟ್ಟಿ ನಿಶ್ಚಿಂತೆಯಿಂದ ಮಲಗತೊಡಗಿದೆ. ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಸ್ವಲ್ಪ ದಿನಕ್ಕೆ ಒಂದು ಸಂಜೆ ಸಾಹುಕಾರರು, ಯಾರ ಆರೋಗ್ಯವನ್ನೂ ಕೇಳದ ಮನುಷ್ಯ, ನನ್ನನ್ನು ಕರೆದು, "ಗಾಡಿ ಹೆಂಗೈತಪಾ?" ಎಂದರು.

"ಚಲೋ ಐತ್ರಿ."

"ಏನೂ ತ್ರಾಸಿಲ್ಲ?"

"ಏನಿಲ್ರಿ. ಕುದುರಿ ಇದ್ದಂಗೈತಿ."

"ಹೌದಾ," ಎಂದು ನನ್ನ ಮುಖವನ್ನು ಖೋಟಾ ರೂಪಾಯಿ ನೋಡುವಂತೆ ತಿರುವಿ ತಿರುವಿ ನೋಡಿದರು. ಮಾರನೆಯ ದಿನ ಮತ್ತೆ ಅದೇ ಪ್ರಶ್ನೆ. ನಾನು ಮತ್ತೆ ಅದೇ ಕುದುರೆ. ಮೂರನೆಯ ದಿನ ಸಂಜೆ ಅಂಗಡಿಯ ಮುಂದೆ ಗಾಡಿ ರಿಪೇರಿಯ ಮೇಸ್ತ್ರಿಯೊಬ್ಬ ವ್ಯಾನಿನ ಬಾನೆಟ್ಟು ಎತ್ತಿ, ಒಳಗೆಲ್ಲ ಕೈಯಾಡಿಸಿ, "ಏನೂ ಆಗಿಲ್ರಿ ಇದಕ್ಕ" ಎಂದು ಸಾಹುಕಾರರ ಕಿವಿಯಲ್ಲಿ ಹೇಳಿದ. ಏನೂ ಆಗಿಲ್ಲವೆಂದರೆ ಸಂತೋಷಪಡಬೇಕು. ಸಾಹುಕಾರರ ಮುಖ ಮಾತ್ರ ಇನ್ನಷ್ಟು ಕಪ್ಪಾಯಿತು.

ಆಗ ನನಗೆ ಖಾತ್ರಿಯಾಯಿತು, ಯಾರೋ ಹೇಳಿದ್ದಾರೆ. ಯಾರು? ಅಲ್ಲಿಂದ ನನ್ನ ನೆಮ್ಮದಿ ಹೋಯಿತು. ಮೊದಲ ಅನುಮಾನ ಈರಣ್ಣನ ಮೇಲೆ. ಆದರೆ ಅವನು ನನಗಿಂತ ಮೊದಲು ಮಲಗಿ ನಾನು ಎಬ್ಬಿಸಿದ ಮೇಲೆ ಏಳುವವನು, ಚಾಡಿ ಹೇಳಲು ಅವನಿಗೆ ಪುರುಸೊತ್ತೆಲ್ಲಿ? ಎರಡನೆಯವನು ಕುರುಗೋಡಿನ ಚಹಾ ಅಂಗಡಿಯ ಖಾದರ್ ಸಾಬ. ನಾನು ಹೋದಾಗಲೆಲ್ಲ, "ಬರ್ರಿ ಡ್ರೈವರ್ ಸಾಬ್, ಕಣ್ಣು ಕೆಂಪಗಾಗ್ಯಾವಲ್ಲ, ನಿದ್ದಿಗೆಟ್ಟೀರೇನು?" ಎನ್ನುತ್ತಿದ್ದ. ಇಷ್ಟು ದಿನ ಅದು ಪ್ರೀತಿಯಾಗಿ ಕೇಳಿಸಿತ್ತು, ಈಗ ವಿಚಾರಣೆಯಾಗಿ ಕೇಳಿಸಿತು. ಅವನ ಅಂಗಡಿಯ ಮುಂದೆ ನಿಲ್ಲುವುದನ್ನೇ ಬಿಟ್ಟೆ. ಕೊನೆಗೆ ಹಂಪಮ್ಮನ ಮೇಲೂ ಸಂಶಯ ಬಂತು. ನೀರು ತರುವಾಗ ಸಾಹುಕಾರರ ಮನೆಯ ಕೆಲಸದವಳ ಜೊತೆ ಅವಳಿಗೆ ಮಾತುಕತೆ ಇತ್ತು. "ನಾ ಮಧ್ಯಾಹ್ನ ಮಲಗ್ತೀನಂತ ಯಾರಿಗರ ಹೇಳೀಯೇನು?" ಎಂದು ಕೇಳಿಯೇಬಿಟ್ಟೆ.

"ಮಧ್ಯಾಹ್ನಾನೂ ಮಲಗ್ತೀರಾ?" ಎಂದಳು ಅವಳು. ಆ ಕ್ಷಣದವರೆಗೆ ಅವಳಿಗೆ ಗೊತ್ತಿರಲಿಲ್ಲ. ಮರುದಿನದಿಂದ ರೊಟ್ಟಿಯ ಗಂಟಿನಲ್ಲಿ ಒಂದು ರೊಟ್ಟಿ ಕಡಿಮೆಯಾಯಿತು. ಹೊಟ್ಟೆ ಹಗುರಾದರೆ ನಿದ್ದೆ ಬರುವುದಿಲ್ಲವಂತೆ.

ಕೊನೆಗೊಂದು ಸಂಜೆ ಸಾಹುಕಾರರು ನನ್ನನ್ನು ಗಾದಿಯ ಮುಂದೆ ನಿಲ್ಲಿಸಿಕೊಂಡರು. ಅವರಿಗೆ ಸಿಟ್ಟು ಬಂದರೆ ಬಾಯಲ್ಲಿ ತೆಲುಗು ಬರುತ್ತಿತ್ತು. "ಏಮಯ್ಯಾ!" ಎಂದು ಶುರುಮಾಡಿದರು. "ದಿನಾ ಕಾಲುವಿ ದಂಡಿಮ್ಯಾಲ ಗಾಡಿ ನಿಲ್ಲಿಸಿ ಏನ್ ಇಳಸ್ತಿ? ನನ್ನ ಸಾಮಾನೋ, ನನ್ನ ಪೆಟ್ರೋಲೋ?"

ಕಳ್ಳತನ! ಅದನ್ನು ನಾನು ಎಣಿಸಿಯೇ ಇರಲಿಲ್ಲ. ಕಳ್ಳನೆನಿಸಿಕೊಳ್ಳುವುದಕ್ಕಿಂತ ಸೋಮಾರಿ ಎನಿಸಿಕೊಳ್ಳುವುದು ಮೇಲೆಂದು, "ಇಳಸಾಕಲ್ರಿ, ಮಲಗಾಕ ನಿಲ್ಲಿಸ್ತಿದ್ದೆ" ಎಂದೆ.

"ಸುಳ್ಳ ಹೇಳಬ್ಯಾಡ! ಹಗಲೊತ್ತು ಯಾರರ ಮಲಗ್ತಾರೇನು?" ಎಂದರು ಸಾಹುಕಾರರು. ಅವರ ಕೆನ್ನೆಯ ಮೇಲೆ ಲೋಡಿನ ನೂಲಿನ ಗೆರೆಗಳು ಇನ್ನೂ ಮಾಸಿರಲಿಲ್ಲ.

ಸರಿಯಾಗಿ ಆ ಹೊತ್ತಿಗೆ ಸಿರುಗುಪ್ಪ ಬಸ್ಸಿನ ಡ್ರೈವರ್ ಗಾದಿಲಿಂಗಪ್ಪ ಒಳಗೆ ಬಂದ. ದೊಡ್ಡ ಮೀಸೆ, ಅದಕ್ಕಿಂತ ದೊಡ್ಡ ಮನಸ್ಸು. ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾ, "ಸಾಹುಕಾರ್ರ, ಇವತ್ತೂ ನಿಮ್ಮ ಗಾಡಿ ಅದಾ ಮರದ ಕೆಳಗ ಕೆಟ್ಟು ನಿಂತೈತ್ರಿ. ಟೊಂಗಿ ಕಟ್ಯಾನ. ಪಾಪ, ಮನಿಷಾ ಬ್ಯಾಸತ್ತು ಮಣ್ಣಾಗ ಬಿದ್ದಾನ. ದಿನಾ ಹೇಳಾಕತ್ತೀನಿ, ಒಬ್ಬ ಚಲೋ ಮೇಸ್ತ್ರಿನ್ನ ಕಳಸ್ರಿ" ಎಂದವನು ನನ್ನ ಕಡೆ ತಿರುಗಿ, "ಅಯ್ಯ, ಇಲ್ಲೇ ಅದೀಯಲ್ಲ ಮಾರಾಯ! ರಿಪೇರಿ ಆತಾ?" ಎಂದ.

ನನಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು. ದಾರಿಯಲ್ಲಿ ಟೊಂಗೆ ಕಟ್ಟಿದ ಗಾಡಿ ಕಂಡರೆ ಊರು ಮುಟ್ಟಿದ ಮೇಲೆ ಧಣಿಗೆ ಸುದ್ದಿ ಮುಟ್ಟಿಸಬೇಕು. ಇದು ನಮ್ಮ ಡ್ರೈವರುಗಳ ಧರ್ಮ. ನಾನೂ ಎಷ್ಟೋ ಜನರ ಸುದ್ದಿಯನ್ನು ಹೀಗೇ ಮುಟ್ಟಿಸಿದವನು. ಹಾಗಿದ್ದೂ ಆ ಟೊಂಗೆ ನನ್ನನ್ನು ಮುಚ್ಚಿಡುತ್ತದೆ ಎಂದು ನಂಬಿದ್ದೆ! ಚಾಡಿ ಹೇಳಿದವನು ಈರಣ್ಣನಲ್ಲ, ಖಾದರ್ ಸಾಬನಲ್ಲ, ಹಂಪಮ್ಮನಲ್ಲ. ನಾನೇ ದಿನಾ ಕೈಯಾರೆ ಮುರಿದು, ಗಂಟು ಬಿಗಿದು ಕಳಿಸುತ್ತಿದ್ದೆ.

ನಿದ್ದೆಯ ವಿಷಯ ನಿಜವೆಂದು ಸಾಹುಕಾರರಿಗೆ ಅರ್ಧ ನಂಬಿಕೆ ಬಂತು. ಉಳಿದರ್ಧ ಅನುಮಾನಕ್ಕೆ ಗಾದಿಲಿಂಗಪ್ಪನ ಎದುರಿಗೇ ಶಿಕ್ಷೆ ವಿಧಿಸಿದರು. "ಇನ್ನೊಮ್ಮೆ ದಾರ್ಯಾಗ ಗಾಡಿ ನಿಂತಿದ್ದು ಗೊತ್ತಾತಂದ್ರ ಕೀಲಿಕೈ ಇಲ್ಲಿಟ್ಟು ಮೆಣಸಿನಕಾಯಿ ಗೋದಾಮಿಗೆ ನಡಿ." ಆ ಗೋದಾಮಿನಲ್ಲಿ ಚೀಲ ಹೊರುವವರು ಸೀನುವ ಸದ್ದು ಬೀದಿಯವರೆಗೆ ಕೇಳುತ್ತಿತ್ತು. ಅಲ್ಲಿ 'ಡ್ರೈವರ್ ಸಾಹೇಬ' ಎನ್ನುವವರು ಯಾರೂ ಇರಲಿಲ್ಲ. ನಿಜ ಹೇಳುತ್ತೇನೆ, ನನಗೆ ಅಳು ಬಂದಿತ್ತು.

ಮರುದಿನದಿಂದ ನಿದ್ದೆ ಬಿಟ್ಟೆ. ಕಣ್ಣಿಗೆ ನೀರು ಚಿಮುಕಿಸಿಕೊಂಡು, ಈರಣ್ಣನಿಗೆ ಪುರಾಣ ಹೇಳುತ್ತಾ, ಅವನು ಮಲಗಿದ ಮೇಲೆ ನನಗೇ ಹೇಳಿಕೊಳ್ಳುತ್ತಾ ಬೇವಿನ ಮರವನ್ನು ದಾಟಿಸಿ ಓಡಿಸಿದೆ. ನಾಲ್ಕಾರು ದಿನ ಹೀಗೆ ಹೋಯಿತು. ಒಂದು ಮಧ್ಯಾಹ್ನ, ಕಾಗೆಗಳೂ ಬಾಯಿ ತೆರೆದು ಕೂತಿದ್ದ ಬಿಸಿಲು. ವ್ಯಾನು ಎರಡು ಸಲ ಕೆಮ್ಮಿ, ಸರಿಯಾಗಿ ಅದೇ ಮರದ ಕೆಳಗೆ ಹೋಗಿ ನಿಂತುಬಿಟ್ಟಿತು. ಹ್ಯಾಂಡಲ್ ತಿರುವಿದೆ, ತಳ್ಳಿದೆವು, ಕೈಮುಗಿದೆ. ಮಿಸುಕಲಿಲ್ಲ. ಈರಣ್ಣ ಅವತ್ತಿನ ಒಂದೇ ಮಾತು ಆಡಿದ: "ಟೊಂಗಿ ಕಟ್ರಿ."

ಕಟ್ಟಿದೆ. ದೂರದಲ್ಲಿ ಗಾದಿಲಿಂಗಪ್ಪನ ಬಸ್ಸು ಕಂಡಿತು. ನಾನು ರಸ್ತೆಗೆ ಓಡಿ ಎರಡೂ ಕೈ ಬೀಸಿದೆ. ಅವನು ಬಸ್ಸು ನಿಧಾನ ಮಾಡಿದ, ಹಾರ್ನ್ ಹೊಡೆಯಲಿಲ್ಲ. ತುಟಿಯ ಮೇಲೆ ಬೆರಳಿಟ್ಟು, "ಗೊತ್ತಾತು, ಗೊತ್ತಾತು. ಮಲಕ್ಕೋ ಹೋಗು. ನಾ ಈ ಸಲ ಯಾರ ಮುಂದೂ ಬಾಯಿ ಬಿಡಂಗಿಲ್ಲ, ಆಣಿ ಐತಿ" ಎಂದು ಪಿಸುಗುಟ್ಟಿದ. ಕಿಟಕಿಯಲ್ಲಿದ್ದ ಹೆಂಗಸರು ಕೂಡ ಕನಿಕರದಿಂದ ತಲೆಯಾಡಿಸಿದರು. ಬಸ್ಸು ಕಳ್ಳ ಹೆಜ್ಜೆಯಲ್ಲಿ ಹೊರಟುಹೋಯಿತು.

ಅದರ ಹಿಂದೆಯೇ ಬಂದದ್ದು ಸಾಹುಕಾರರು. ಬಾಡಿಗೆ ಕಾರು, ಪಕ್ಕದಲ್ಲಿ ಮೇಸ್ತ್ರಿ. ನನ್ನನ್ನು ಹಿಡಿಯಲೆಂದೇ ತಮ್ಮ ಮಧ್ಯಾಹ್ನದ ನಿದ್ದೆ ಕೆಡಿಸಿಕೊಂಡು ಬಂದಿದ್ದರು. ಟೊಂಗೆ ನೋಡಿದರು, ಗ್ರೀಸು ಹತ್ತಿದ ನನ್ನ ಮುಖ ನೋಡಿದರು. ನಾನು ಎಚ್ಚರವಿದ್ದುದು ಅವರಿಗೆ ಅಷ್ಟು ರುಚಿಸಲಿಲ್ಲ.

"ಖರೇನ ಕೆಟ್ಟೈತ್ರಿ, ನನ್ನ ಮಕ್ಕಳಾಣಿ," ಎಂದೆ.

ಸಾಹುಕಾರರು ಹತ್ತಿ ಕೂತು ಕೀಲಿ ತಿರುವಿದರು. ವ್ಯಾನು ಮೊದಲ ಸಲಕ್ಕೇ ಗುರ್ರೆಂದು ಶುರುವಾಯಿತು. ಕುದುರೆ ಇದ್ದಂತೆ.

ಅವರು ಇಳಿದು ನನ್ನ ಮುಂದೆ ಕೈ ಚಾಚಿದರು, ಕೀಲಿಕೈ ಅವರ ಮುಷ್ಟಿಯಲ್ಲೇ ಇದ್ದದ್ದು ಆಮೇಲೆ ನೆನಪಾಗಿ ಹಿಂದಕ್ಕೆ ಎಳೆದುಕೊಂಡರು. ನನ್ನ ಮೂಗಿಗೆ ಆಗಲೇ ಮೆಣಸಿನಕಾಯಿಯ ಘಾಟು ಬಡಿದಿತ್ತು. ಅಷ್ಟರಲ್ಲಿ ಮೇಸ್ತ್ರಿ ಪೆಟ್ರೋಲ್ ಪೈಪು ಮುಟ್ಟಿ ಕೈ ಝಾಡಿಸಿ, "ಇವನ ತಪ್ಪಲ್ರಿ. ಈ ಬಿಸಲಿಗೆ ಪೈಪಿನ್ಯಾಗ ಪೆಟ್ರೋಲು ಆವಿ ಆಗತೈತಿ, ಇಂಜಿನ್ನಿಗೆ ಹೋಗಂಗಿಲ್ಲ. ನೆರಳಾಗ ಒಂದೀಟು ನಿಂತ್ರ ತಾನಾ ಹೊಂಟತೈತಿ. ಅವತ್ತು ಸಂಜಿ ತಂಪನ್ಯಾಗ ನೋಡಿದ್ದೆ, ತಿಳೀಲಿಲ್ಲ. ಇಷ್ಟು ದಿನ ಯಾಕ ಕೆಟ್ಟಿಲ್ಲ ಅನ್ನೋದಾ ಆಶ್ಚರ್ಯ!" ಎಂದ.

ಯಾಕೆ ಕೆಟ್ಟಿರಲಿಲ್ಲವೆಂದು ನನಗೆ ಗೊತ್ತಿತ್ತು. ಸಾಹುಕಾರರಿಗೂ ಗೊತ್ತಾಯಿತು. ಇಬ್ಬರೂ ಬೇವಿನ ಮರದ ಬುಡದಲ್ಲಿ ನಾನು ಮಲಗಿ ಮಲಗಿ ನುಣ್ಣಗಾಗಿದ್ದ ಜಾಗವನ್ನು ನೋಡಿದೆವು. ಅವರು ಕೀಲಿಕೈಯನ್ನು ನನ್ನ ಕೈಗೆ ಹಾಕಿ ಅಪ್ಪಣೆ ಕೊಟ್ಟರು. "ಇನ್ನಮ್ಯಾಲ ದಿನಾ ಮಧ್ಯಾಹ್ನ ಗಾಡಿನ್ನ ಇಲ್ಲಿ ನೆರಳಾಗ ನಿಲ್ಲಿಸು. ಅದು ದಣದಿರತೈತಿ. ನೀ ಮಾತ್ರ ಎಚ್ಚರ ಇದ್ದು ಕಾಯಿ. ಮಲಗಿದ್ದು ಕಂಡ್ರ ಬಂದು ಹೇಳಂತ ಗಾದಿಲಿಂಗಪ್ಪಗ ನಾನಾ ಹೇಳ್ತೀನಿ."

ಹೀಗೆ ನಮ್ಮ ಅಂಗಡಿಯಲ್ಲಿ ಮಧ್ಯಾಹ್ನದ ವಿಶ್ರಾಂತಿ ಮಂಜೂರಾಯಿತು, ವ್ಯಾನಿಗೆ. ಅದರ ಹೊಟ್ಟೆಯೊಳಗೆ ಈರಣ್ಣ ಮಲಗಿರುತ್ತಿದ್ದ, ಅವನ ಬಗ್ಗೆ ಅಪ್ಪಣೆಯಲ್ಲಿ ಏನೂ ಇರಲಿಲ್ಲ. ನಾನು ಬಿಸಿಲನ್ನು ದಿಟ್ಟಿಸುತ್ತಾ ಕೂತಿರುತ್ತಿದ್ದೆ. ಬಸ್ಸು ಬಂದಾಗ ಎದ್ದು ನಿಂತು, ಕಣ್ಣು ತೆರೆದಿದೆ ಎಂದು ತೋರಿಸಲು ಗಾದಿಲಿಂಗಪ್ಪನಿಗೆ ಕೈ ಬೀಸುತ್ತಿದ್ದೆ. ಬಸ್ಸು ಮರೆಯಾದ ಮೇಲೆ ಕೂತು ವ್ಯಾನನ್ನೇ ನೋಡುತ್ತಿದ್ದೆ. ಪೆಟ್ರೋಲು ಆವಿಯಾಗುತ್ತದೆಂಬ ಮೇಸ್ತ್ರಿಯ ಮಾತನ್ನು ನಾನು ಇವತ್ತಿಗೂ ಪೂರ್ತಿ ನಂಬಿಲ್ಲ. ದಿನಾ ಅದೇ ಹೊತ್ತಿಗೆ ಅದೇ ಮರದ ಕೆಳಗೆ ನಿಲ್ಲಿಸಿ ಅದಕ್ಕೆ ಚಟ ಹತ್ತಿಸಿದವನು ನಾನು. ಅದು ಆ ಚಟ ಉಳಿಸಿಕೊಂಡಿತು, ಬಿಡಬೇಕಾಗಿ ಬಂದದ್ದು ನನಗೆ.