‘ಹಾರೂಣು ಬರ್ರಿ’ ಬಳಗದ ಸಿಟ್ಟಿನ ಯಜಮಾನರು

ನಮ್ಮ ಕಾಕಾ ಬಹಳ ಶಾಂತ ಮನುಷ್ಯ ಎಂದು ಯಾರಾದರೂ ನನ್ನೆದುರು ಹೇಳಿದರೆ, ಅವರು ಕಾಕಾರನ್ನು ಮೊಬೈಲಿನಲ್ಲಿ ಮಾತ್ರ ಬಲ್ಲವರು ಎಂದು ನನಗೆ ಕೂಡಲೇ ತಿಳಿದುಬಿಡುತ್ತದೆ. ಅಂಥವರು ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಇಂಡಿಯಲ್ಲಿ ಮಾತ್ರ ಒಬ್ಬರೂ ಇಲ್ಲ. ಯಾಕೆಂದರೆ ಕಾಕಾ ಇರುವುದು ಇಂಡಿಯಲ್ಲಿ!

ನನ್ನ ತಂದೆಯ ತಮ್ಮ ಅವರು. ಪಂಪ್‌ಸೆಟ್ಟಿನ ಮೋಟಾರಿಗೆ ತಂತಿ ಸುತ್ತುವ ಅಂಗಡಿ ಇಟ್ಟವರು. ಕ್ಷೌರಿಕನ ಜೊತೆ ಜಗಳವಾಡಿ ಅರ್ಧ ಗಡ್ಡದಲ್ಲೇ ಎದ್ದು, ಇನ್ನರ್ಧವನ್ನು ಬಸ್ ಸ್ಟ್ಯಾಂಡ್ ಹತ್ತಿರದ ಬೇರೆ ಅಂಗಡಿಯಲ್ಲಿ ಮುಗಿಸಿಕೊಂಡು ಬಂದವರು. ಒಮ್ಮೆ ಗಿರಾಕಿಯೊಬ್ಬ, “ಭಾಳ ತಡಾ ಆತಲ್ರಿ” ಎಂದನಂತೆ. ಎರಡು ದಿನ ಕೂತು ಸುತ್ತಿದ ತಾಮ್ರದ ತಂತಿಯನ್ನು ಅವನ ಕಣ್ಣೆದುರೇ ಪೂರ್ತಿ ಬಿಚ್ಚಿ, “ತಗೋ, ಈಗ ಲಗೂ ಆತೇನು?” ಎಂದು ಕೈಗೆ ಕೊಟ್ಟು ಕಳಿಸಿದವರು. ಇಂಥ ಮನುಷ್ಯ ಒಂದು ಪ್ರೀತಿಯ ಬಳಗ ಕಟ್ಟಿದ್ದಾರೆಂದರೆ ನೀವು ನಂಬುತ್ತೀರಾ? ಕಟ್ಟಿದ್ದಾರೆ. ಆ ಪ್ರೀತಿಯ ಬೆಲೆ ತೆತ್ತವನು ನಾನು. ಇದನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಮುಚ್ಚುಮರೆ ಯಾಕೆ?

ಶುರುವಾದದ್ದು ಒಂದು ಕೆಟ್ಟುಹೋದ ಆಟಿಕೆಯಿಂದ. ಯಾರೋ ರಿಪೇರಿಗೆಂದು ರಿಮೋಟಿನ ಪುಟ್ಟ ವಿಮಾನವೊಂದನ್ನು ಅಂಗಡಿಗೆ ತಂದರು. ಕಾಕಾ ಸರಿ ಮಾಡಿದರು. ಸರಿಯಾಗಿದೆಯೋ ಇಲ್ಲವೋ ನೋಡಲು ಅಂಗಡಿಯ ಮುಂದೆ ಹಾರಿಸಿದರು. ಅದು ಮೇಲೇರಿದ್ದನ್ನು ನೋಡುತ್ತ ನಿಂತವರು ಬಾಯಿ ಮುಚ್ಚಲೇ ಇಲ್ಲವೆಂದು ಅವರ ಹೆಂಡತಿ, ನಮ್ಮ ಕಾಕು, ಹೇಳುತ್ತಾರೆ. ಮದುವೆಯಾಗಿ ಮೂವತ್ತು ವರ್ಷಗಳಲ್ಲಿ ಆ ಬಾಯಿ ಮಾತಿಲ್ಲದೆ ತೆರೆದದ್ದು ಅದೇ ಮೊದಲಂತೆ!

ಅಂದಿನಿಂದ ಕಾಕಾ ಥರ್ಮಾಕೋಲಿನ ಬೆನ್ನು ಹತ್ತಿದರು. ವಿಮಾನದ ಮೈಯೆಲ್ಲ ಅದೇ ತಾನೆ? ಬಾಗೇವಾಡಿಯ ನಮ್ಮ ಮನೆಗೆ ಹೊಸ ಫ್ರಿಜ್ ಬಂದ ದಿನ ಹೇಗೋ ಸುದ್ದಿ ತಿಳಿದು ಇಂಡಿಯಿಂದ ಬಸ್ಸು ಹತ್ತಿ ಬಂದರು. ಫ್ರಿಜ್ಜಿನ ಕಡೆ ತಿರುಗಿಯೂ ನೋಡಲಿಲ್ಲ. “ಇದ್ನ ನೀವ ಇಟ್ಕೋರಿ” ಎಂದು ದೊಡ್ಡ ಮನಸ್ಸು ಮಾಡಿ, ಪೆಟ್ಟಿಗೆಯೊಳಗಿನ ಥರ್ಮಾಕೋಲನ್ನೆಲ್ಲ ಹಗ್ಗ ಕಟ್ಟಿ ಒಯ್ದರು. ನಾಲ್ಕು ದಿನಕ್ಕೆ ಫ್ರಿಜ್ ಕೆಟ್ಟಿತು. ಅಂಗಡಿಯವನು, “ಬಂದಂಗ ಪ್ಯಾಕ್ ಮಾಡಿ ತಂದ್ರ ಬದಲಿ ಕೊಡ್ತೇನ್ರಿ” ಎಂದ. ನಾನು ಇಂಡಿಗೆ ಓಡಿದೆ. ಝಳಕಿ ರಸ್ತೆಯ ಬದಿಯ ಹೊಲದಲ್ಲಿ ಕಾಕಾ ಕತ್ತು ಮೇಲೆತ್ತಿ ನಿಂತಿದ್ದರು. ನಮ್ಮ ಫ್ರಿಜ್ಜಿನ ನಾಲ್ಕೂ ಮೂಲೆಗಳು ನನ್ನ ತಲೆಯ ಮೇಲೆ ಗುಂಯ್ ಎಂದು ಹಾದು, ಲಿಂಬೆ ತೋಟದ ಮುಳ್ಳಿನಲ್ಲಿ ಹೋಗಿ ಕೂತವು.

“ನೋಡ್ದಿ? ಎಷ್ಟ್ ಚಂದ ತಿರುಗ್ತು!” ಎಂದರು ಕಾಕಾ. ಫ್ರಿಜ್ಜಿನ ವಿಷಯ ಎತ್ತಿದ್ದಕ್ಕೆ ನನಗೇ ಬೈದರು.

ಇನ್ನು ಬಳಗದ ಕತೆ. ದೊಡ್ಡ ಊರಿನ ವಿಮಾನದವರ ಗುಂಪೊಂದಕ್ಕೆ ಕಾಕಾ ಮೊಬೈಲಿನಲ್ಲಿ ಸೇರಿಕೊಂಡು, ತಮ್ಮ ವಿಮಾನ ಎತ್ತರ ಹೋದಕೂಡಲೇ ಯಾಕೆ ಮೂಗು ಮೇಲೆ ಮಾಡಿ ಬೀಳುತ್ತದೆ ಎಂದು ಕೇಳಿದರು. ಕೇಳಿದ್ದು ನಮ್ಮ ಕಡೆಯ ಮಾತಿನಲ್ಲಿ. ಉತ್ತರವಾಗಿ ಹದಿನೇಳು ಜನ ನಗುವ ಮುಖ ಕಳಿಸಿದರು. ಒಬ್ಬ, ‘ಅಂಕಲ್, ಮೊದಲು ಗಾಳಿಪಟ ಹಾರಿಸಿ’ ಎಂದು ಬರೆದ. ಕಾಕಾ ಮೊಬೈಲನ್ನು ಜೋಳದ ಚೀಲದ ಮೇಲೆ ಎಸೆದರು. ಸಿಟ್ಟಿನಲ್ಲೂ ಮೆತ್ತನೆಯ ಜಾಗ ನೋಡಿ ಎಸೆದರಲ್ಲ, ಅದೇ ಪುಣ್ಯ!

“ನಾನೂ ಒಂದ್ ಗುಂಪ್ ಮಾಡ್ತೇನಿ. ಅಲ್ಲಿ ಯಾವ ಮಗಾ ನಗ್ತಾನ, ನಾನೂ ನೋಡ್ತೇನಿ!” ಎಂದು ಗುಡುಗಿದರು.

ಹೀಗೆ ಹುಟ್ಟಿತು ‘ಹಾರೂಣು ಬರ್ರಿ’ ಬಳಗ. ನಿಯಮ ಎರಡೇ. ಯಾರು ಎಂಥ ಪ್ರಶ್ನೆ ಕೇಳಿದರೂ ಸಂಜೆಯೊಳಗೆ ಉತ್ತರ ಕೊಡಬೇಕು. ಯಾರ ವಿಮಾನ ಎಲ್ಲಿ ಬಿದ್ದರೂ ನಗಬಾರದು. ಸಿಂದಗಿಯ ದರ್ಜಿ ಮೈಬೂಬ್ ಮಾಸ್ತರ್ ಮೊದಲು ಸೇರಿದರು. ಹಳೆಯ ಛತ್ರಿಯ ಬಟ್ಟೆಯನ್ನು ರೆಕ್ಕೆಗೆ ಬಿಗಿಯಾಗಿ ಹೊದಿಸುವ ವಿದ್ಯೆ ಅವರದು. ಆಮೇಲೆ ನಾಲತವಾಡದಲ್ಲಿ ವಿಜ್ಞಾನ ಕಲಿಸುವ ಅಕ್ಕೋರು ಬಂದರು. ಸಾಲಿಯ ಮಕ್ಕಳಿಗೆ ಪಾಠ ಮಾಡಲು ವಿಮಾನ ಬೇಕೆಂದು ಬಂದವರು, ಪಾಠ ಮುಗಿದರೂ ವಿಮಾನ ಬಿಡಲಿಲ್ಲ. ಒಂದು ವರ್ಷದಲ್ಲಿ ನಲವತ್ತು ಜನ ಆದರು.

ಎಲ್ಲ ಸರಿ. ಆದರೆ ಕಾಕಾರಿಗೆ ಪ್ರೀತಿಯಿಂದ ಉತ್ತರ ಕೊಡಲು ಬರಬೇಕಲ್ಲ? ಅದಕ್ಕೆ ನಾನು ಬೇಕಾದೆ! ಕಾಲೇಜಿನಲ್ಲಿ ಕನ್ನಡ ಕಲಿಸುವವನು ನೀನು, ಮಾತು ಮೆತ್ತಗೆ ಮಾಡುವುದೇ ನಿನ್ನ ಕಸುಬು ಎಂದರು. ಬಳಗದಲ್ಲಿ ಯಾರಾದರೂ ಪ್ರಶ್ನೆ ಕೇಳಿದ ಕೂಡಲೇ ಕಾಕಾ ತಮ್ಮ ಉತ್ತರವನ್ನು ಧ್ವನಿಯಲ್ಲಿ ಮುದ್ರಿಸಿ ನನಗೆ ಕಳಿಸುವರು: “ಏ ಕತ್ತಿ! ಬ್ಯಾಟರಿ ಮುಂದ ಇಡಂತ ನಿನ್ನೆ ಬಡಕೊಂಡಿಲ್ಲೇನು? ಹಿಂದ ಭಾರ ಆದ್ರ ಬೀಳದ ಏನ್ ಹಾಡ್ತೈತೇನು?” ನಾನು ಪಾಠದ ನಡುವೆ ಹೊರಗೆ ಬಂದು, ಕತ್ತೆಯನ್ನು ಮಾಸ್ತರರನ್ನಾಗಿ ಮಾಡಿ, ಅದನ್ನು ಬರಹಕ್ಕಿಳಿಸುವೆ: ‘ಮಾಸ್ತರ್ರೇ, ನಿಮ್ಮ ಪ್ರಯತ್ನ ಬಹಳ ಚೆನ್ನಾಗಿದೆ. ಬ್ಯಾಟರಿಯನ್ನು ತುಸು ಮುಂದಕ್ಕೆ ಇಟ್ಟು ನೋಡಿದರೆ ಇನ್ನೂ ಚಂದ ಹಾರೀತು.’ ಕಾಕಾ ಅದನ್ನು ತಮ್ಮ ಹೆಸರಿನಲ್ಲಿ ಬಳಗಕ್ಕೆ ಹಾಕುವರು. ನಲವತ್ತು ಜನ ಕೈ ಮುಗಿಯುವರು. ಬೈಗುಳ ನನಗೆ, ನಮಸ್ಕಾರ ಅವರಿಗೆ!

ದಿನಕ್ಕೆ ಎಂಟು, ಹತ್ತು ಇಂಥವು. ಒಂದು ಮುಂಜಾನೆ ಕಾಕಾ ಸ್ವತಃ ಒಂದು ಧ್ವನಿ ಸಂದೇಶವನ್ನು ಬಳಗಕ್ಕೇ ಹಾಕಿಬಿಟ್ಟರು. ಹಲ್ಲು ಕಚ್ಚಿ ಹಿಡಿದು ಮಾತಾಡಿದ ಪ್ರೀತಿ ಅದು. ಹಿಂದಿನಿಂದ ಕಾಕು, “ಯಾರಿಗ್ರಿ ಅದು ಒದರಾಕತ್ತೀರಿ?” ಎಂದದ್ದೂ, “ಪ್ರೀತಿಲೆ ಮಾತಾಡಾಕತ್ತೇನಿ, ಸುಮ್ನಿರು!” ಎಂದು ಕಾಕಾ ಚೀರಿದ್ದೂ ಅದರಲ್ಲೇ ಇದ್ದವು. ಆಮೇಲೆ ಅವರು ಬಳಗದಲ್ಲಿ ಧ್ವನಿಯ ಗೋಜಿಗೆ ಹೋಗಲಿಲ್ಲ. ನನ್ನ ಕೆಲಸ ಹೆಚ್ಚಿತು.

ಬಿಳಿಜೋಳದ ರಾಶಿ ಮುಗಿದು ಹೊಲ ಬಯಲಾದಾಗ ಝಳಕಿಯ ಹತ್ತಿರ ಬಳಗದ ಮೊದಲ ಕೂಟ ಸೇರಿತು. ಕಾಕಾ ಎರಡು ತಿಂಗಳು ಕೂತು ಮಾಡಿದ ವಿಮಾನವನ್ನು ಮೇಜಿನ ಮೇಲೆ ಇಟ್ಟಿದ್ದರು. ಮೈಬೂಬ್ ಮಾಸ್ತರ್ ತಮ್ಮದನ್ನು ಹಾರಿಸಿದರು. ಅದು ಒಂದು ಸುತ್ತು ಹೋಗಿ, ದಿಕ್ಕು ತಪ್ಪಿ, ಅಷ್ಟು ದೊಡ್ಡ ಹೊಲ ಬಿಟ್ಟು ಸೀದಾ ಆ ಮೇಜಿಗೇ ಬಂದು ಬಡಿಯಿತು. ಕಾಕಾರ ವಿಮಾನದ ರೆಕ್ಕೆ ಎರಡು ತುಂಡು. ಕಾಕಾರ ಮುಖ ಬ್ಯಾಡಗಿ ಮೆಣಸಿನಕಾಯಿಯಾಯಿತು. ನನ್ನ ರಟ್ಟೆ ಹಿಡಿದು ದೂರದ ಬೇವಿನ ಮರದ ಹಿಂದಕ್ಕೆ ಎಳೆದೊಯ್ದರು.

“ಕಣ್ಣಿಲ್ಲೇನು ಮಗನ? ಅಷ್ಟ್ ದೊಡ್ಡ ಹೊಲ ಕಾಣ್ಸಲಿಲ್ಲೇನು? ಕೈ ಐತೋ, ಸೌಟ್ ಐತೋ?”

“ಕಾಕಾ, ಹಾರ್ಸಿದ್ದು ನಾ ಅಲ್ರಿ!”

“ಗೊತ್ತೈತಿ! ಸುಮ್ನ ಕೇಳು!”

ಐದು ನಿಮಿಷ ಕೇಳಿದೆ. ಬೇವಿನ ಮರವೂ ಕೇಳಿತು. ಆಮೇಲೆ ಕಾಕಾ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಹೊರಗೆ ಬಂದು, “ಆಗ್ತೈತ್ರಿ ಮಾಸ್ತರ್. ನಿಮ್ಮ ವಿಮಾನಕ್ಕ ಏನೂ ಆಗಿಲ್ಲಲ್ರಿ?” ಎಂದರು. ಮಾಸ್ತರರ ಕಣ್ಣುಗಳು ತುಂಬಿ ಬಂದವು. ನನ್ನ ಹೊಟ್ಟೆ ಉರಿದು ಬಂತು. ಜಗತ್ತಿಗೆಲ್ಲ ಬೆಲ್ಲ, ನನಗೊಬ್ಬನಿಗೆ ಖಾರ! ನಾನೇನು ಅವರ ಸಿಟ್ಟು ಬಸಿಯುವ ಬಚ್ಚಲೇ?

ಅದೇ ಉರಿಯಲ್ಲಿದ್ದಾಗ, ಒಂದು ರವಿವಾರ ಸಂಜೆ, ನಾಲತವಾಡದ ಅಕ್ಕೋರು ತಮ್ಮ ಹೊಸ ವಿಮಾನದ ವಿಡಿಯೋ ಹಾಕಿದರು. ಅದು ಮೇಲೇಳಲೇ ಇಲ್ಲ. ನೆಲದ ಮೇಲೆ ಓಡಿ, ಕೋಳಿಗಳನ್ನು ಚದುರಿಸಿ, ತಿಪ್ಪೆಯಲ್ಲಿ ಮೂಗು ಊರಿ ನಿಂತಿತು. ನೀವಾದರೂ ನಗುತ್ತಿರಲಿಲ್ಲವೇ? ನಾನು ಒಂದೇ ಒಂದು ನಗುವ ಮುಖ ಒತ್ತಿದೆ. ಆಮೇಲೆ ಅಕ್ಕೋರಿಂದ ಒಂದು ಮಾತೂ ಇಲ್ಲ. ಮರುದಿನ ನೋಡುತ್ತೇನೆ, ಕಾಕಾ ನನ್ನನ್ನು ಬಳಗದಿಂದ ತೆಗೆದುಹಾಕಿದ್ದಾರೆ! ಫೋನ್ ಮಾಡಿದೆ.

“ನೀ ನಕ್ಕಿ,” ಎಂದರು.

“ಅದು ಬರೇ ಚಿತ್ರ ಕಾಕಾ!”

“ಅಕ್ಕೋರು ನಿನ್ನೆಯಿಂದ ಒಂದ್ ಮಾತಿಲ್ಲ. ಅವ್ರಿಗೆ ತಪ್ಪಾತು ಅನ್ನು. ಆಮ್ಯಾಲ ನನ್ನ ಜೋಡಿ ಮಾತಾಡು.” ಫೋನ್ ಇಟ್ಟರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲೂ ಇಲ್ಲ! ನನ್ನ ಸಿಟ್ಟು ನೆತ್ತಿಗೇರಿತು. ಆಗ ಮಾಡಬಾರದ ಕೆಲಸವೊಂದನ್ನು ಮಾಡಿದೆ. ಮೈಬೂಬ್ ಮಾಸ್ತರರ ಕುರಿತು ಕಾಕಾ ನನಗೆ ಕಳಿಸಿದ್ದ ಆ ‘ಕತ್ತಿ’ಯ ಧ್ವನಿ ಸಂದೇಶವನ್ನು ಸೀದಾ ಮಾಸ್ತರರಿಗೇ ಕಳಿಸಿಬಿಟ್ಟೆ. ನಿಮ್ಮ ಶಾಂತಮೂರ್ತಿ ಯಾರೆಂದು ತಿಳಿಯಲಿ! ಕಳಿಸಿದ ಮರುಕ್ಷಣವೇ ಅಳಿಸಲು ಹೋದೆ. ಅಷ್ಟರೊಳಗೆ ಅವರು ಕೇಳಿಯಾಗಿತ್ತು. ಬಳಗ ಒಡೆಯಿತು, ಒಡೆದವನು ನಾನು ಎಂದುಕೊಂಡೆ. ಮಾಸ್ತರರ ಫೋನ್ ಬಂತು.

“ಸರ್, ಇದು ಹಳೇದ್ರಿ,” ಎಂದರು. “ನಿಮಗ ಕಳ್ಸೋದನ್ನ ಕಾಕಾರು ತಪ್ಪಿ ಬಳಗಕ್ಕ ಕಳ್ಸಿದ್ರು. ಅವರು ಅಳ್ಸೋದ್ರಾಗ ಎಲ್ಲಾರೂ ಕೇಳೇವ್ರಿ. ಅಕ್ಕೋರ ಬಗ್ಗೆನೂ ಒಂದ್ ಬಂದಿತ್ತು, ಅವರೂ ಕೇಳ್ಯಾರ್ರಿ.”

“ಮತ್ತ ಶಾಂತ ಮನುಷ್ಯ ಅಂತೀರಲ್ರಿ?”

“ಸಿಟ್ಟ ಬರಲಾರದವಂಗ ಶಾಂತ ಇರೋದು ಏನ್ ದೊಡ್ಡದ್ರಿ? ಇಷ್ಟ್ ಸಿಟ್ಟ ಇಟ್ಕೊಂಡು ನಮಗ ‘ರಿ’ ಹಚ್ಚಿ ಮಾತಾಡ್ತಾರಲ್ರಿ, ಅದು ದೊಡ್ಡದು. ಇರ್ಲಿ, ನೀವು ಇದನ್ನ ಕಳ್ಸೀರಂತ ನಾ ಅವರಿಗೆ ಹೇಳಂಗಿಲ್ಲ.”

ನನಗೆ ನಾಚಿಕೆಯಾಯಿತು. ಆದರೆ ಸಿಟ್ಟು ಪೂರ್ತಿ ಇಳಿಯಲಿಲ್ಲ. ಸಿಟ್ಟೂ ನಾಚಿಕೆಯೂ ಕೂಡಿದರೆ ಮನುಷ್ಯ ಇನ್ನೂ ಕೆಡುತ್ತಾನೆ. ಮುಂದಿನ ರವಿವಾರ ಕೂಟವಿತ್ತು. ಯಾರೂ ಕರೆಯದೆ ನಾನೇ ಹೋದೆ. ಮೊದಲು ಅಕ್ಕೋರನ್ನು ಹುಡುಕಿ, “ನಾ ನಗಬಾರದಿತ್ತು. ತಪ್ಪಾತ್ರಿ” ಎಂದೆ.

ಅವರು ಕಣ್ಣು ಪಿಳುಕಿಸಿದರು. “ಯಾವಾಗ ನಕ್ರಿ ಸರ್? ವಿಡಿಯೋ ಹಾಕಿ ಇಡೂದ್ರಾಗ ನನ್ನ ಫೋನ್ ನೀರಿನ ಬಕೀಟಿನ್ಯಾಗ ಬಿತ್ರಿ. ನಿನ್ನೆ ರಿಪೇರಿ ಆಗಿ ಬಂದೈತಿ.”

ನೋಡಿದಿರಾ! ನನ್ನನ್ನು ಹೊರಗೆ ಹಾಕಿದ್ದು ಒಂದು ಬಕೆಟ್ಟಿನ ದೆಸೆಯಿಂದ! ನಾನು ಹೊಲ ದಾಟಿ ಕಾಕಾರ ಎದುರು ಹೋಗಿ ನಿಂತು, “ಕೇಳಿದ್ರಿ? ಅವರು ನೋಡೇ ಇಲ್ಲ!” ಎಂದು ಕೂಗಿದೆ.

“ಅವರು ನೋಡಿಲ್ಲಂದ್ರ ನೀ ನಕ್ಕಿಲ್ಲೇನು?”

ಇದಕ್ಕೆ ಏನು ಹೇಳುತ್ತೀರಿ? ಒಂದು ವರ್ಷದಿಂದ ತಡೆದಿದ್ದನ್ನೆಲ್ಲ ಸುರಿದೆ. “ಎಲ್ಲಾರಿಗೂ ರಿ, ರಿ ಅಂತೀರಿ. ನನಗ ಮಾತ್ರ ನಾಯಿಗೆ ಬೈದಂಗ ಬೈತೀರಿ. ಫ್ರಿಜ್ ನಂದು ಹೋತು, ಹೆಸರ ನಿಮಗ ಬಂತು. ಕಡೀಗೆ ನನ್ನ ಹೊರಗ ಹಾಕೀರಿ!” ನಲವತ್ತು ಜನರಲ್ಲಿ ಬಂದಿದ್ದ ಇಪ್ಪತ್ತು ಜನ ತಮ್ಮ ತಮ್ಮ ವಿಮಾನಗಳನ್ನು ಬಹಳ ಮನಸ್ಸಿಟ್ಟು ಪರೀಕ್ಷಿಸತೊಡಗಿದರು.

ಕಾಕಾ ತಿರುಗಿ ಬೈಯಲಿಲ್ಲ. ರೊಟ್ಟಿ ಗಂಟು ಬಿಚ್ಚುತ್ತಿದ್ದ ಕಾಕು ತಲೆ ಎತ್ತದೆ ಹೇಳಿದರು: “ಆರ ದಿನಾ ಆತಪಾ, ಮನ್ಯಾಗ ದನಿ ಇಲ್ಲ. ಬಳಗದಾಗ ಯಾರರ ಏನರ ಕೇಳಿದ್ರ ಮೊಬೈಲ್ ತಗೋತಾರ, ನಿನ್ನ ಹೆಸರ ತನಕಾ ಹೋಗ್ತಾರ, ಮತ್ತ ಇಟ್ಬಿಡ್ತಾರ. ಜ್ವರಾ ಬಂದೈತೇನಂತ ನಾ ಹಣಿ ಮುಟ್ಟಿ ನೋಡ್ದೆ.”

“ಏ, ನೀ ಸುಮ್ನಿರ,” ಎಂದರು ಕಾಕಾ. ಚೀರಲಿಲ್ಲ. ಸ್ವಲ್ಪ ಹೊತ್ತು ರಿಮೋಟಿನ ಧೂಳು ಒರೆಸಿದರು. ಆಮೇಲೆ ಅದಕ್ಕೇ ಹೇಳುವವರಂತೆ ಹೇಳಿದರು: “ಅವ್ರಿಗೆ ಬೈದ್ರ ಹೋಗಿಬಿಡ್ತಾರ. ನೀ ಎಲ್ಲಿ ಹೋಗ್ತಿ?”

“ಹೋಗಿದ್ನಲ್ರಿ!”

“ನಾ ಹೊರಗ ಹಾಕಿದ್ದೆ. ನೀ ಹೋಗಿದ್ದಿಲ್ಲ. ಎರಡೂ ಬ್ಯಾರೆ.”

ಕಾಕಾ ರಿಮೋಟನ್ನು ನನ್ನ ಕೈಯಲ್ಲಿಟ್ಟರು. ಇಷ್ಟು ದಿನ ಅದನ್ನು ಮುಟ್ಟಲೂ ಬಿಟ್ಟಿರಲಿಲ್ಲ. ಹಿಂದೆ ಬಂದು ನಿಂತು ನನ್ನ ಬೆರಳುಗಳ ಮೇಲೆ ತಮ್ಮ ಬೆರಳಿಟ್ಟರು. ತಾಮ್ರದ ತಂತಿ ಎಳೆದು ಎಳೆದು ಗೆರೆ ಬಿದ್ದ, ಒರಟು ಬೆರಳುಗಳು. ಮೈಬೂಬ್ ಮಾಸ್ತರ್ ಕಾಕಾರ ವಿಮಾನವನ್ನು ಗಾಳಿಗೆ ಎಸೆದರು. ಅದು ತುಸು ತೂಗಾಡಿ ಮೇಲೆದ್ದಿತು.

“ಸಾವಕಾಶ, ತಮ್ಮಾ. ಎಡಕ್ಕ ಒಂಚೂರು. ಹಾಂ. ಹೆದರಬ್ಯಾಡ, ಗಾಳಿ ಐತಿ, ಅದ ಹಿಡಕೋತೈತಿ.”

ಈ ದನಿಯನ್ನು ನಾನು ಎಂದೂ ಕೇಳಿರಲಿಲ್ಲ. ಒಂದು ಗಳಿಗೆ ಕಳೆದ ಮೇಲೆ ನೋಡುತ್ತೇನೆ, ನನ್ನ ಬೆರಳುಗಳ ಮೇಲೆ ಅವರ ಬೆರಳುಗಳಿಲ್ಲ. ಯಾವಾಗ ತೆಗೆದಿದ್ದರೋ! ಗಾಬರಿಯಾಗಿ ಹೊರಳಿ ಅವರನ್ನು ನೋಡಿದೆ.

“ನನ್ನ ಮಾರಿ ಏನ್ ನೋಡ್ತಿ?” ಎಂದರು ಕಾಕಾ, ಮೆಲ್ಲಗೆ. “ಮ್ಯಾಲ ನೋಡು. ನೀನ ಹಾರ್ಸಾಕತ್ತಿ.”