ಮಾತು ಬಿಟ್ಟ ತಮ್ಮನ ಚೌಕ

ನಗಲಿಕ್ಕೆಂದು ಯಾರೂ ಬರುವ ಜಾಗವಲ್ಲ ನಮ್ಮದು. ಆದರೂ ನನ್ನ ಮೇಜಿನ ಮುಂದೆ ವಾರಕ್ಕೊಂದಾದರೂ ನಗುವಂಥದ್ದು ನಡೆದೇ ನಡೆಯುತ್ತದೆ. ಹೈದರಾಬಾದಿನ ಒಂದು ಆಸ್ಪತ್ರೆಯಲ್ಲಿ, ಮನೆತನದಲ್ಲಿ ಹರಿದು ಬರುವ ಕಾಯಿಲೆಗಳ ವಿಭಾಗದಲ್ಲಿ, ಬಂದವರ ವಂಶದ ನಕ್ಷೆ ಬರೆಯುವುದು ನನ್ನ ಕೆಲಸ. ಡಾಕ್ಟರು ತೆಲುಗಿನವರು, ನಾನು ಭಾಲ್ಕಿ ಕಡೆಯವಳು. ಕನ್ನಡ ಕಿವಿಗೆ ಬಿದ್ದರೆ ಸಾಕು, ನನ್ನ ಹತ್ತಿರ ಕಳಿಸಿಬಿಡುತ್ತಾರೆ. ಹಾಗೆ ಕಳಿಸಿದ ಒಂದು ಕುಟುಂಬವನ್ನು ನಾನು ಮರೆಯುವಂತಿಲ್ಲ.

ಸೊನ್ನೆ

ಬೇಗಂ ಬಜಾರಿನಲ್ಲಿ ಪಾತ್ರೆ ಅಂಗಡಿ ಇಟ್ಟವರು. ಗಂಡ, ಹೆಂಡತಿ, ಐದು ವರ್ಷದ ಮಗಳು, ಜೊತೆಗೆ ಗಂಡನ ತಾಯಿ. ಆ ತಾಯಿಯನ್ನು ಎಲ್ಲರೂ ಆಯಿ ಅನ್ನುತ್ತಿದ್ದರು, ನಾನೂ ಅಂದೆ. ಮಗುವಿಗೆ ಥಲಸ್ಸೀಮಿಯಾ. ಮೈಯಲ್ಲಿ ಸರಿಯಾದ ರಕ್ತ ತಯಾರಾಗುವುದಿಲ್ಲ, ಮೂರು ವಾರಕ್ಕೊಮ್ಮೆ ಬೇರೆಯವರ ರಕ್ತ ಏರಿಸಬೇಕು. ಹೊಂದುವ ಬಂಧುವೊಬ್ಬರು ಸಿಕ್ಕಿ, ಅವರ ಎಲುಬಿನೊಳಗಿನ ಮಜ್ಜೆ ಹಾಕಿದರೆ ಮಗು ಪೂರ್ತಿ ಗುಣವಾಗಬಹುದು. ಯಾರೂ ಕೇಳುವ ಮೊದಲೇ ಆ ಮಗು ನನ್ನ ಮುಂದೆ ತೋಳು ಚಾಚಿ ಕೂತಿತು.

ಬಂಧುವನ್ನು ಹುಡುಕಲು ನಕ್ಷೆ ಬೇಕು. ಗಂಡಸಿಗೆ ಚೌಕ, ಹೆಂಗಸಿಗೆ ದುಂಡು ಬರೆಯುತ್ತ ಹೋದೆ. ಆಯಿ ಕನ್ನಡಕ ಏರಿಸಿಕೊಂಡು ಬಗ್ಗಿದರು.

“ಗಂಡಸರಿಗೆಲ್ಲಾ ಮನಿ ಕಟ್ಟಿಸಿ ಕೊಟ್ಟೀರಿ. ನಮಗ ಬರೇ ಸೊನ್ನಿ ಹಾಕಾಕತ್ತೀರೇನವಾ?”

“ಎಲ್ಲಾ ದೇಶದಾಗೂ ಹಿಂಗ ಐತ್ರಿ ಆಯಿ.”

“ಅದು ನನಗೂ ಗೊತ್ತೈತಿ,” ಎಂದರು ಆಯಿ.

ತವರುಮನೆ

ಒಂದು ವಿಷಯ ಬಿಡಿಸಿ ಹೇಳಿದೆ. ಈ ಕಾಯಿಲೆಯ ಒಂದೇ ಪಾಲು ಇದ್ದವರು ಗುಂಡುಕಲ್ಲಿನ ಹಾಗೆ ಇರುತ್ತಾರೆ. ಅಪ್ಪನಿಂದೊಂದು, ಅಮ್ಮನಿಂದೊಂದು ಎರಡೂ ಸೇರಿದರೆ ಮಾತ್ರ ಮಗುವಿಗೆ ಬರುತ್ತದೆ.

ಆಯಿ ಒಪ್ಪಲಿಲ್ಲ. “ನಮ್ಮ ಕಡೆ ಇಂಥದ್ದು ಇಲ್ಲೇ ಇಲ್ಲ. ಇದು ಸೊಸಿ ತವರುಮನಿ ಕಡಿಂದ ಬಂದದ್ದು.”

ಸೊಸೆ ತಲೆ ತಗ್ಗಿಸಿದಳು. ಈ ಮಾತನ್ನು ಆಕೆ ಎಷ್ಟು ಸಲ ಕೇಳಿದ್ದಳೋ. ನನಗೆ ಸಿಟ್ಟು ಬಂತು.

“ಸೊಸಿ ತವರುಮನಿ ಯಾವೂರ್ರಿ?”

“ಹುಮನಾಬಾದ.”

“ನಿಮ್ಮ ತವರುಮನಿ?”

ಸೊಸೆ ಆಯಿಯ ಸ್ವಂತ ಅಣ್ಣನ ಮಗಳು. ಇಬ್ಬರೂ ಹುಟ್ಟಿದ್ದು ಒಂದೇ ಮನೆಯಲ್ಲಿ. ಆಯಿ ಸೆರಗು ಸರಿಮಾಡಿಕೊಂಡರು.

“ಹಂಗಾರ ಬಿಡ್ರಿ. ಇಂಥದ್ರಾಗ ಯಾರದೂ ತಪ್ಪಿರಂಗಿಲ್ಲ.”

ಅಡ್ಡಗೆರೆ

ಅಪ್ಪ, ಅಮ್ಮ, ಆಯಿ, ಸೊಸೆಯ ತಂದೆ, ಯಾರದೂ ಮಗುವಿಗೆ ಹೊಂದಲಿಲ್ಲ. ಡಾಕ್ಟರು ಮಾತ್ರ ಆಸೆ ಬಿಡಲಿಲ್ಲ. ಮಜ್ಜೆ ಹೊಂದಿಸಿ ನೋಡುವ ಗುರುತುಗಳಲ್ಲಿ ಮಗುವಿಗೆ ಅಪ್ಪನಿಂದ ಬಂದದ್ದೂ ಅಮ್ಮನಿಂದ ಬಂದದ್ದೂ ಒಂದೇ ಮನೆಯಿಂದ ಹೊರಟದ್ದು. ಆ ಮನೆಯ ಇನ್ನೊಬ್ಬರಲ್ಲಿ ಎರಡೂ ಒಟ್ಟಿಗೆ ಇರಬಹುದು, ನೋಡು ಎಂದರು.

“ನಿಮ್ಮ ಒಡಹುಟ್ಟಿದವರು ಮತ್ತ ಯಾರದಾರ್ರಿ?” ಎಂದು ಆಯಿಯನ್ನು ಕೇಳಿದೆ.

“ಯಾರೂ ಇಲ್ಲ.”

ಸೊಸೆ ಮೆಲ್ಲಗೆ ಕಾಗದದ ಮೇಲೆ ಬೆರಳಿಟ್ಟಳು. “ಇಲ್ಲೇ ನಾಚಾರಂದಾಗ ನಮ್ಮ ಕಾಕಾ ಅದಾನ್ರಿ.”

“ಅವನ್ನ ಬರೀಬ್ಯಾಡ್ರಿ! ಮಾತು ಬಿಟ್ಟೀವಿ.”

ಆಯಿಗಿಂತ ಹದಿನೈದು ವರ್ಷ ಚಿಕ್ಕವನು, ಇವರೇ ಎತ್ತಿ ಆಡಿಸಿದ ತಮ್ಮ. ಆಯಿ ಮಗನ ಮದುವೆಗೆ ಕುಂಕುಮ, ಅಕ್ಷತೆ ಹಿಡಿದು ಮನೆಗೆ ಹೋಗಿ ಕರೆಯದೆ ವಾಟ್ಸಾಪಿನಲ್ಲಿ ಕಾರ್ಡು ಕಳಿಸಿದ್ದರಂತೆ. ಅವನು ಮದುವೆಗೆ ಬರಲಿಲ್ಲ. ಇವರು ಅವನ ಹೆಸರೇ ಎತ್ತಲಿಲ್ಲ.

“ಆಯಿ, ಈ ನಕ್ಷಾದಾಗ ಮಾತು ಬಿಟ್ಟವರಿಗೆ ಗುರುತಿಲ್ಲ. ಸತ್ತವರಿಗೆ ಅಷ್ಟ ಅಡ್ಡಗೆರಿ ಎಳೀತೀವಿ.”

“ಹಂಗಾರ ಅದನ್ನ ಎಳೀರಿ!”

ಗೆರೆ ಎಳೆಯಲಿಲ್ಲ. ಚೌಕ ಬರೆದೆ.

ಕರೆಯುವುದು

ಮಗ ಫೋನ್ ಮಾಡಿದ. ಆ ಕಡೆಯಿಂದ ಬಂದ ಉತ್ತರ: “ಮದುವಿಗೆ ಫೋನಿನ್ಯಾಗ ಕರೆದ್ರಿ. ಸೂಜಿಗೂ ಫೋನಿನ್ಯಾಗ ಕರೀತೀರೇನು?”

ಆಯಿ ಒಂದು ದಿನ ಉರಿದುಬಿದ್ದರು. ಮರುದಿನ ಮೊಮ್ಮಗಳಿಗೆ ರಕ್ತ ಏರಿಸುವ ಸರದಿ. ಆ ತೋಳು ನೋಡುತ್ತ ಕೂತಿದ್ದವರು ಥಟ್ಟನೆ ಎದ್ದು, ಕುಂಕುಮ, ಅಕ್ಷತೆ, ತೆಂಗಿನಕಾಯಿ ಕಟ್ಟಿಕೊಂಡು ನಾಚಾರಂಗೆ ಆಟೊ ಹಿಡಿದರು. ತಮ್ಮನ ಹಣೆಗೆ ಕುಂಕುಮವಿಟ್ಟು, “ನಾಳಿ ಹತ್ತು ಗಂಟೇಕ ರಕ್ತ ಪರೀಕ್ಷಾ ಐತಿ. ಮನಿಮಂದಿ ಎಲ್ಲಾರೂ ಬರಬೇಕು,” ಎಂದು ಕರೆದು ಬಂದರು.

ತಮ್ಮ ಆ ಮಾತನ್ನು ಚಾಚೂ ತಪ್ಪದೆ ನಡೆಸಿದ. ಮರುದಿನ ಹತ್ತಕ್ಕೆ ಒಂಬತ್ತು ಜನ ಇಳಿದರು. ಹೆಂಗಸರು ರೇಷ್ಮೆ ಸೀರೆಯಲ್ಲಿ, ತಮ್ಮ ಜರಿಯ ರುಮಾಲು ಸುತ್ತಿಕೊಂಡು. ಗೇಟಿನ ವಾಚ್‌ಮನ್ ಕೈ ಅಡ್ಡ ಹಿಡಿದು ಪಕ್ಕದ ಓಣಿ ತೋರಿಸಿದ.

“ಚಾಚಾ, ಫಂಕ್ಷನ್ ಹಾಲ್ ಬಾಜೂ ಗಲ್ಲೀ ಮೇ ಹೈ!”

ಯಾವ ಕಡೆಯದು

ಹೊಂದಿದ್ದು ಅದೇ ತಮ್ಮನದು, ಪೂರ್ತಿ. ಸುದ್ದಿ ಹೇಳಿದಾಗ ಆಯಿ ನನ್ನ ನಕ್ಷೆ ಎಳೆದುಕೊಂಡು ಆ ಚೌಕದ ಮೇಲೆ ಬೆರಳಾಡಿಸುತ್ತ ಅತ್ತರು. ನಾನೂ ಅತ್ತೆ, ಸುಳ್ಳು ಯಾಕೆ ಹೇಳಲಿ.

ಮಜ್ಜೆ ಹಾಕಿದ ಮೇಲಿನ ತಿಂಗಳುಗಳು ಸುಲಭದವಲ್ಲ. ದಾಟಿದರು. ವರ್ಷ ಕಳೆಯುವಷ್ಟರಲ್ಲಿ ಮಗುವಿನ ರಕ್ತದ ಗುಂಪು ಸಹ ತಮ್ಮನದೇ ಆಗಿತ್ತು. ರಕ್ತ ಏರಿಸುವುದು ನಿಂತೇಹೋಯಿತು.

ಮೊನ್ನೆ ತಪಾಸಣೆಗೆ ಬಂದರು. ಹುಡುಗಿ ಕೆನ್ನೆ ಉಬ್ಬಿಸಿಕೊಂಡು ಗೋಡೆ ಕಡೆ ಮುಖ ಮಾಡಿ ನಿಂತಿತ್ತು. ಆಯಿ ಕುರ್ಚಿ ಎಳೆದುಕೊಂಡು ದೂರು ಕೊಟ್ಟರು.

“ನಿಮ್ಮ ಡಾಕ್ಟರಿಗೆ ಹೇಳ್ರಿ. ರಕ್ತ ಅಷ್ಟ ಅಲ್ಲ, ನನ್ನ ತಮ್ಮನ ಸೊಕ್ಕೂ ಈಕಿಗೆ ಬಂದೈತಿ. ನಿನ್ನಿ ಒಳಗಿಂದ ಊಟಕ್ಕ ಬಾ ಅಂತ ಒದರಿದೆ. ‘ಕುಂಕುಮ ಹಚ್ಚಿ ಕರಿ, ಬರ್ತೀನಿ’ ಅಂತಾಳ! ಅವಾಗಿಂದ ನನ್ನ ಜೋಡಿ ಮಾತು ಬಿಟ್ಟಾಳ.”

“ಮಜ್ಜೆಯಿಂದ ರಕ್ತ ಅಷ್ಟ ಬರತೈತ್ರಿ ಆಯಿ. ಸೊಕ್ಕು ಹುಟ್ಟಿನಿಂದ ಇರಬೇಕು. ಯಾವ ಕಡಿಂದ ಬಂದೈತಿ, ನಕ್ಷಾ ತಗದು ನೋಡೋಣೇನು?”

ಆಯಿ ಎರಡೂ ಕೈ ನಕ್ಷೆಯ ಮೇಲೆ ಒತ್ತಿಟ್ಟರು.

“ಬ್ಯಾಡ್ರಿ ಯವ್ವಾ! ಯಾವ ಗೆರಿ ಹಿಡದು ಹ್ವಾದ್ರೂ ನನ್ನ ತವರುಮನೀಗೇ ಹೋಗಿ ಮುಟ್ಟತೀರಿ. ಅದರ ಬದಲಿ ಕುಂಕುಮ ಎಲ್ಲಿ ಸಿಗತೈತಿ ಹೇಳ್ರಿ, ಈಕೀನ ಊಟಕ್ಕ ಕರೀಬೇಕು.”